ನ್ಯೂಟಾಕ್‌ನಿಂದ ಮೆರ್ಟಾರ್ವಿಕ್‌ಗೆ: ಒಂಬತ್ತು ಮೈಲಿ, ಮೂವತ್ತು ವರ್ಷ

ಅಮೆರಿಕದ ಅಲಾಸ್ಕಾ ರಾಜ್ಯದ ಪಶ್ಚಿಮದ ಅಂಚಿನಲ್ಲಿ, ಬೇರಿಂಗ್ ಸಮುದ್ರಕ್ಕೆ ಹತ್ತಿರದಲ್ಲಿ, ನ್ಯೂಟಾಕ್ ಎಂಬ ಊರಿತ್ತು. ಸುಮಾರು 350 ಜನ. ಬಹುತೇಕ ಎಲ್ಲರೂ ಯೂಪಿಕ್ ಎಂಬ ಮೂಲನಿವಾಸಿ ಸಮುದಾಯದವರು. ಪಕ್ಕದ ನಿಂಗ್ಲಿಕ್ ನದಿ ದಡ ಕೊರೆಯುತ್ತಾ ಊರಿನ ಕಡೆಗೇ ಬರುತ್ತಿತ್ತು. 'ಇಲ್ಲಿ ಇನ್ನು ಆಗುವುದಿಲ್ಲ, ಬೇರೆ ಕಡೆ ಹೋಗೋಣ' ಎಂದು ಊರಿನವರು ಜಾಗ ಹುಡುಕಲು ಶುರು ಮಾಡಿದ್ದು 1994ರಲ್ಲಿ. ಕೊನೆಯ ಮನೆಯವರು ಊರು ಬಿಟ್ಟದ್ದು 2024ರಲ್ಲಿ. ಹೋದ ದೂರ ಬರೀ ಒಂಬತ್ತು ಮೈಲಿ.

ಈ ಮೂವತ್ತು ವರ್ಷ ಎಲ್ಲಿ ಹೋಯಿತು ಎಂದು ಹುಡುಕುವುದೇ ಈ ಬರಹದ ಕೆಲಸ. ಊರಿನ ಹೆಸರನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಅದರ ಕಥೆ ಸರ್ಕಾರಿ ವರದಿಗಳಲ್ಲೆಲ್ಲ ಇದೆ. ಆದರೆ ಊರಿನ ಮುಖಂಡರು, ಮನೆತನಗಳು, ಜಗಳವಾಡಿದ ಎರಡು ಬಣದವರು, ಮನೆ ಕಟ್ಟಿದ ಗುತ್ತಿಗೆದಾರರು ಯಾರು ಎಂಬುದನ್ನು ಬಿಟ್ಟಿದ್ದೇನೆ. ಆ ಜಾಗದಲ್ಲಿ ಬೇರೆ ಯಾರಿದ್ದರೂ ಹೆಚ್ಚುಕಮ್ಮಿ ಹೀಗೇ ಆಗುತ್ತಿತ್ತು ಎಂಬುದು ನನ್ನ ಅಂದಾಜು.

ಊರು ಅಲ್ಲಿಗೆ ಬಂದದ್ದು ಹೇಗೆ

ಯೂಪಿಕ್ ಜನ ಮೊದಲು ಒಂದೇ ಕಡೆ ವರ್ಷವಿಡೀ ಇರುತ್ತಿರಲಿಲ್ಲ. ಚಳಿಗಾಲಕ್ಕೊಂದು ಬಿಡಾರ, ಬೇಸಿಗೆಯಲ್ಲಿ ನೆಲ್ಸನ್ ದ್ವೀಪದ ಕಡೆ ಮೀನಿನ ಬಿಡಾರ. ಸೀಲ್ ಬೇಟೆ, ಸಾಲ್ಮನ್, ವಲಸೆ ಬರುವ ಬಾತುಗಳು, ಬೇಸಿಗೆ ಮುಗಿಯುವಾಗ ಬೆರಿ ಹಣ್ಣು, ಹೀಗೆ ಋತು ನೋಡಿಕೊಂಡು ಜಾಗ ಬದಲಾಗುತ್ತಿತ್ತು. ನೀರು ಒಂದು ಕಡೆ ಕಾಟ ಕೊಟ್ಟರೆ ಇನ್ನೊಂದು ಕಡೆ ಹೋಗುವುದು ಅವರಿಗೆ ಹೊಸದಲ್ಲ. ನ್ಯೂಟಾಕ್ ಜಾಗಕ್ಕೆ 1949ರಲ್ಲಿ ಬಂದದ್ದೂ ಹಿಂದಿನ ಜಾಗದಲ್ಲಿ ನೆರೆಯ ಕಾಟ ತಾಳಲಾರದೆ.

ಬದಲಾದದ್ದು ಶಾಲೆ ಬಂದ ಮೇಲೆ. 1950ರ ದಶಕದ ಕೊನೆಯಲ್ಲಿ ಕೇಂದ್ರ ಸರ್ಕಾರದ ಇಲಾಖೆ ಅಲ್ಲೊಂದು ಶಾಲೆ ಕಟ್ಟಿತು. ಅಲ್ಲೇ ಯಾಕೆ? ಸಾಮಾನು ಹೊತ್ತ ಬಾರ್ಜ್ (ಚಪ್ಪಟೆ ತಳದ ದೊಡ್ಡ ದೋಣಿ) ನದಿಯಲ್ಲಿ ಮೇಲಕ್ಕೆ ಹೋಗಬಹುದಾದ ಕೊನೆಯ ಜಾಗ ಅದು, ಅಷ್ಟೇ. ಮಣ್ಣು ಗಟ್ಟಿಯೋ, ದಡ ನಿಲ್ಲುತ್ತದೋ ಎಂದು ನೋಡಿದವರಿಲ್ಲ. ಮಕ್ಕಳು ಶಾಲೆಗೆ ಹೋಗಬೇಕು ಅಂದಮೇಲೆ ಮನೆಗಳು ಅಲ್ಲೇ ನಿಂತವು. ಆಮೇಲೆ ವಿಮಾನ ಇಳಿಯುವ ಪಟ್ಟಿ, ಅಂಚೆ ಕಚೇರಿ, ಡೀಸೆಲ್ ಜನರೇಟರ್, ಇಂಧನದ ಟ್ಯಾಂಕುಗಳು. ಋತುವಿನ ಜೊತೆ ಓಡಾಡುತ್ತಿದ್ದ ಜನ ಒಂದು ಬಾರ್ಜ್ ನಿಂತ ಜಾಗಕ್ಕೆ ಕಟ್ಟುಬಿದ್ದರು. ಮುಂದಿನದ್ದಕ್ಕೆಲ್ಲ ಇದೇ ಬುಡ. ಹವಾಮಾನ ಬದಲಾವಣೆಯನ್ನು ಮಾತ್ರ ದೂರುತ್ತಾ ಹೋದರೆ ಈ ತುಂಡು ಕೈತಪ್ಪಿಹೋಗುತ್ತದೆ.

ನದಿ ಏನು ಮಾಡುತ್ತಿತ್ತು

ಆ ಭಾಗದ ನೆಲ ಪರ್ಮಾಫ್ರಾಸ್ಟ್. ಮೇಲಿನ ಸ್ವಲ್ಪ ಮಣ್ಣು ಮಾತ್ರ ಬೇಸಿಗೆಯಲ್ಲಿ ಕರಗುತ್ತದೆ, ಅದರ ಕೆಳಗೆ ವರ್ಷಾನುಗಟ್ಟಲೆ ಹೆಪ್ಪುಗಟ್ಟಿಯೇ ಇರುವ ನೆಲ. ಆ ಮಣ್ಣನ್ನು ಹಿಡಿದಿಟ್ಟಿರುವುದೇ ಒಳಗಿನ ಮಂಜುಗಡ್ಡೆ. ನದಿಯ ನೀರು ದಡದ ಬುಡಕ್ಕೆ ಬಡಿದಾಗ ಮೊದಲು ಕರಗುವುದು ಬುಡವೇ. ಮೇಲಿನ ಹುಲ್ಲು, ಪಾಚಿ, ಬೇರು ಎಲ್ಲ ಚಾಪೆಯ ಹಾಗೆ ಮುಂದಕ್ಕೆ ಚಾಚಿ ನಿಂತಿರುತ್ತದೆ. ಕೆಳಗೆ ಪೊಳ್ಳು. ಒಂದು ದಿನ ಮೇಲಿನದ್ದೂ ಮಡಚಿಕೊಂಡು ನೀರಿಗೆ ಬೀಳುತ್ತದೆ. ದೂರದಿಂದ ನೋಡಿದವರಿಗೆ ದಡ ಗಟ್ಟಿಯಾಗಿಯೇ ಇದ್ದಂತೆ ಕಾಣುತ್ತದೆ, ಬೀಳುವ ಹಿಂದಿನ ದಿನದವರೆಗೂ.

ಹೀಗೆ ಸರಾಸರಿ ವರ್ಷಕ್ಕೆ 70 ಅಡಿಯಷ್ಟು ದಡ ಹೋಗುತ್ತಿತ್ತು. ಸರಾಸರಿ ಅಂದರೆ ಕೆಲವು ವರ್ಷ ಕಡಿಮೆ, ಕೆಲವು ವರ್ಷ ತೀರಾ ಜಾಸ್ತಿ. ಎಲ್ಲಕ್ಕಿಂತ ಕೆಟ್ಟ ಕಾಲ ಶರತ್ಕಾಲದ ಬಿರುಗಾಳಿಯದು. ಮೊದಲು ಆ ಹೊತ್ತಿಗೆ ಸಮುದ್ರದ ಅಂಚಿನಲ್ಲಿ, ನದಿಯ ಬಾಯಲ್ಲಿ ಮಂಜುಗಡ್ಡೆ ಕಟ್ಟಲು ಶುರುವಾಗುತ್ತಿತ್ತು. ಆ ಮಂಜು ಅಲೆಯ ಹೊಡೆತವನ್ನು ತಾನೇ ತಿನ್ನುತ್ತಿತ್ತು. ಈಗ ಮಂಜು ತಡವಾಗಿ ಕಟ್ಟುತ್ತದೆ. ಬಿರುಗಾಳಿ ಮಾತ್ರ ತನ್ನ ಹೊತ್ತಿಗೇ ಬರುತ್ತದೆ. ಅಲೆ ನೇರವಾಗಿ ದಡಕ್ಕೆ. 2018ರ ಚಳಿಗಾಲದಲ್ಲಂತೂ ಬೇರಿಂಗ್ ಸಮುದ್ರದ ಮಂಜು ಅಲ್ಲಿಯವರೆಗಿನ ದಾಖಲೆಗಳಲ್ಲೇ ಅತಿ ಕಡಿಮೆ ಇತ್ತು.

ಇದರ ಪೆಟ್ಟು ದಡಕ್ಕೆ ಮಾತ್ರ ಬಿದ್ದದ್ದಲ್ಲ. ಹೆಪ್ಪುಗಟ್ಟಿದ ನದಿಯೇ ಆ ಜನರ ಚಳಿಗಾಲದ ರಸ್ತೆ. ಮಂಜಿನ ಮೇಲೆ ಓಡುವ ಸ್ನೋಮೊಬೈಲ್ ಗಾಡಿಯಲ್ಲಿ ಪಕ್ಕದ ಊರಿಗೆ, ಬೇಟೆಗೆ, ಸೌದೆಗೆ ಹೋಗುವುದು ಅದರ ಮೇಲೆಯೇ. ಮಂಜು ತೆಳ್ಳಗಾದರೆ ದೋಣಿಯೂ ಹೋಗದು, ಗಾಡಿಯೂ ಹೋಗದು. ಊರಿನ ಒಳಗೆ ನೆಲ ಕರಗಿ ಮನೆಗಳು ಒಂದು ಮಗ್ಗುಲಿಗೆ ವಾಲಿದವು. ಮನೆಯಿಂದ ಮನೆಗೆ ಹಾಸಿದ್ದ ಹಲಗೆ ದಾರಿ ಕೆಸರಲ್ಲಿ ಮುಳುಗುತ್ತಾ ಹೋಯಿತು.

ಇನ್ನೊಂದು ಪೆಟ್ಟು ಬಿದ್ದದ್ದು 1996ರಲ್ಲಿ. ನಿಂಗ್ಲಿಕ್ ನದಿ ಕೊರೆಯುತ್ತಾ ಬಂದು ಊರಿನ ಪಕ್ಕದ ಚಿಕ್ಕ ನ್ಯೂಟಾಕ್ ಹೊಳೆಯನ್ನೇ ಮೇಲಿನಿಂದ ತನ್ನೊಳಗೆ ಎಳೆದುಕೊಂಡಿತು. ಊರ ಮುಂದಿನ ಹೊಳೆ ಹರಿವು ಕಳೆದುಕೊಂಡು ನಿಂತ ನೀರಿನ ಕಾಲುವೆಯಾಯಿತು. ಇದು ಯಾಕೆ ದೊಡ್ಡ ವಿಷಯ ಎಂದರೆ, ನ್ಯೂಟಾಕ್ ಮನೆಗಳಲ್ಲಿ ಕೊಳಾಯಿಯೂ ಇರಲಿಲ್ಲ, ಫ್ಲಶ್ ಆಗುವ ಶೌಚಾಲಯವೂ ಇರಲಿಲ್ಲ. ಮನೆಯ ಮೂಲೆಯಲ್ಲೊಂದು ಪ್ಲಾಸ್ಟಿಕ್ ಬಕೆಟ್, ಅದರ ಮೇಲೊಂದು ಕೂರುವ ಮುಚ್ಚಳ. ಅಲ್ಲಿನವರು ಅದನ್ನು 'ಹನಿ ಬಕೆಟ್' ಅನ್ನುತ್ತಾರೆ. ತುಂಬಿದ ಮೇಲೆ ಹೊರಗೆ ಒಯ್ದು ಸುರಿಯಬೇಕು. ಹೊಳೆ ಹರಿಯುತ್ತಿದ್ದಾಗ ಅದು ಕೊಚ್ಚಿಕೊಂಡು ಹೋಗುತ್ತಿತ್ತು. ಹರಿವು ನಿಂತ ಮೇಲೆ ಅಲ್ಲೇ ಉಳಿಯಿತು. ನೆರೆ ಬಂದಾಗ ಅದೇ ನೀರು ಮನೆ ಬಾಗಿಲಿಗೆ ವಾಪಸ್ ಬಂತು.

ಮೊದಲು ಮಾಡಿದ್ದು: ದಡ ಕಾಯುವುದು

1983ರಿಂದ 1989ರವರೆಗೆ ರಾಜ್ಯ ಸರ್ಕಾರ ಕೊರೆತ ತಡೆಯಲು ಸುಮಾರು 15 ಲಕ್ಷ ಡಾಲರ್ ಖರ್ಚು ಮಾಡಿತು. ನದಿ ಅದನ್ನು ಲೆಕ್ಕಕ್ಕೇ ಇಡಲಿಲ್ಲ. ವಿಚಿತ್ರ ಏನೆಂದರೆ, ಅದೇ ಅವಧಿಯಲ್ಲಿ, 1984ರಲ್ಲಿ, ನದಿಯನ್ನು ಅಳೆದು ನೋಡಿದ ಎಂಜಿನಿಯರುಗಳು ದಡ ಕಾಯುವುದಕ್ಕಿಂತ ಊರನ್ನೇ ಸಾಗಿಸುವುದು ಅಗ್ಗ ಎಂದು ಬರೆದುಕೊಟ್ಟಿದ್ದರು. ವರದಿ ಕೈಯಲ್ಲಿತ್ತು, ದುಡ್ಡು ದಡಕ್ಕೆ ಹೋಯಿತು. ಯಾಕೆ ಅಂತ ಊಹಿಸುವುದು ಕಷ್ಟವಲ್ಲ. ದಡ ಕಟ್ಟುವುದಕ್ಕೆ ಇಲಾಖೆ ಇರುತ್ತದೆ, ಲೆಕ್ಕದ ಶೀರ್ಷಿಕೆ ಇರುತ್ತದೆ. ಊರು ಸಾಗಿಸುವುದಕ್ಕೆ ಯಾವುದೂ ಇಲ್ಲ.

ಎರಡನೆಯ ದಾರಿ: ಹೋಗುವುದು

1994ರಲ್ಲಿ ಊರಿನ ಸಾಂಪ್ರದಾಯಿಕ ಮಂಡಳಿ ಆರು ಜಾಗಗಳನ್ನು ತೂಗಿ ನೋಡಿತು. ಆಯ್ದದ್ದು ನೆಲ್ಸನ್ ದ್ವೀಪದ ಮೆರ್ಟಾರ್ವಿಕ್. ಹಿರಿಯರಿಗೆ ಗೊತ್ತಿದ್ದ ಜಾಗ. ಬಂಡೆಯ ಗುಡ್ಡ, ಎತ್ತರ, ಒಳ್ಳೆಯ ಒರತೆ ನೀರು. ಬೇಟೆಯ ಜಾಗಗಳಿಗೂ ಹತ್ತಿರ. ಜನ ಒಂದಲ್ಲ, ಹಲವು ಸಲ ಮತ ಹಾಕಿ ಇದನ್ನೇ ಖಾತ್ರಿ ಮಾಡಿದರು.

ಇಡೀ ಪ್ರಕರಣದಲ್ಲಿ ನನಗೆ ಅತಿ ಸರಿ ಅನ್ನಿಸಿದ ನಿರ್ಧಾರ ಇದು. ಇಂಥ ಸಮಯದಲ್ಲಿ ಅಧಿಕಾರಿಗಳಿಗೆ ಸುಲಭವಾಗಿ ಹೊಳೆಯುವ ಉಪಾಯ ಒಂದಿದೆ: 350 ಜನ ತಾನೇ, ಹತ್ತಿರದ ದೊಡ್ಡ ಊರಿಗೆ ಸೇರಿಸಿಬಿಡಿ. ಖರ್ಚು ಕಡಿಮೆ, ನಿಜ. ಆದರೆ ಆಗ ಉಳಿಯುವುದು 350 ವಿಳಾಸಗಳು, ಊರಲ್ಲ. ಭಾಷೆ, ಬೇಟೆ, ಮೀನು ಹಂಚಿಕೊಳ್ಳುವ ಸಂಬಂಧ ಎಲ್ಲ ಚದುರುತ್ತಿತ್ತು. ಜಾಗ ತಾವೇ ಆರಿಸಿದ್ದರಿಂದ ಮುಂದಿನ ಎಲ್ಲ ಗಲಾಟೆಯ ನಡುವೆಯೂ 'ಎಲ್ಲಿಗೆ' ಎಂಬ ಪ್ರಶ್ನೆ ಮತ್ತೆ ಏಳಲಿಲ್ಲ.

ಒಂದು ತೊಡಕಿತ್ತು. ಮೆರ್ಟಾರ್ವಿಕ್ ಜಾಗ ಕೇಂದ್ರದ ವನ್ಯಜೀವಿ ಧಾಮಕ್ಕೆ ಸೇರಿತ್ತು. ತಮ್ಮ ಜಮೀನು ಕೊಟ್ಟು ಅದನ್ನು ಪಡೆಯಲು ಅಮೆರಿಕದ ಸಂಸತ್ತಿನಲ್ಲೇ ಕಾನೂನು ಆಗಬೇಕಾಯಿತು. ಅದು ಆದದ್ದು 2003ರ ನವೆಂಬರ್‌ನಲ್ಲಿ. ಆ ಹೊತ್ತಿಗೆ ಒಂಬತ್ತು ವರ್ಷ ಕಳೆದಿತ್ತು, ಹೊಸ ಜಾಗದಲ್ಲಿ ಒಂದು ಮೊಳೆಯೂ ಬಿದ್ದಿರಲಿಲ್ಲ.

ಸಿಕ್ಕಿಕೊಂಡದ್ದು ಇಲ್ಲಿ

ಅದೇ 2003ರಲ್ಲಿ ಸಂಸತ್ತಿನ ಲೆಕ್ಕಪರಿಶೋಧನೆ ಸಂಸ್ಥೆಯ ವರದಿ ಬಂತು. ಅಲಾಸ್ಕಾದ 213 ಮೂಲನಿವಾಸಿ ಊರುಗಳಲ್ಲಿ 184ಕ್ಕೆ ನೆರೆ ಅಥವಾ ಕೊರೆತದ ತೊಂದರೆ ಇದೆ, ಅದರಲ್ಲಿ ನಾಲ್ಕು ಊರು ಕೂಡಲೇ ಅಪಾಯದಲ್ಲಿವೆ ಎಂದು ಅದು ಹೇಳಿತು. ನ್ಯೂಟಾಕ್ ಆ ನಾಲ್ಕರಲ್ಲಿ ಒಂದು. 2005ರ ಬಿರುಗಾಳಿಯಲ್ಲಿ ಬಾರ್ಜ್ ನಿಲ್ಲುವ ಕಟ್ಟೆ ಹಾಳಾಯಿತು, ಊರು ಕೆಲವು ದಿನ ದ್ವೀಪವಾಯಿತು. 2006ರಲ್ಲಿ ಸೇನೆಯ ಎಂಜಿನಿಯರ್ ವಿಭಾಗ ಲೆಕ್ಕ ಕೊಟ್ಟಿತು: ಊರಿಗೆ ಉಳಿದಿರುವುದು 10ರಿಂದ 15 ವರ್ಷ, ಸಾಗಿಸಲು ಖರ್ಚು 8 ಕೋಟಿಯಿಂದ 13 ಕೋಟಿ ಡಾಲರ್. ಇಷ್ಟು ಸ್ಪಷ್ಟವಾಗಿ ಗೊತ್ತಿದ್ದ ವಿಪತ್ತು ಅಪರೂಪ, ಅಲ್ವಾ?

ಆದರೂ ದುಡ್ಡು ಬರಲಿಲ್ಲ. ಅಲ್ಲಿನ ವಿಪತ್ತು ಕಾನೂನಿಗೆ ತಿಳಿದದ್ದು ಒಂದು ತಾರೀಕಿಗೆ ಆಗುವ ವಿಪತ್ತು ಮಾತ್ರ. ಭೂಕಂಪ ಆಯಿತು, ಚಂಡಮಾರುತ ಬಂತು, ಘೋಷಣೆ ಮಾಡಿ, ಪರಿಹಾರ ಕೊಡಿ. ವರ್ಷಕ್ಕೆ 70 ಅಡಿ ಹೋಗುವ ಊರಿಗೆ ತಾರೀಕು ಎಲ್ಲಿಂದ ತರುವುದು? ನಮ್ಮ ಬಾಗಲಕೋಟೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಆಲಮಟ್ಟಿ ಹಿನ್ನೀರಿಗೆ ಹಳೆ ಊರು ಮುಳುಗುವಾಗ ಮುಳುಗಿಸುವವರು ಯಾರು ಎಂದು ಗೊತ್ತಿತ್ತು. ಯೋಜನೆ ಇತ್ತು, ನವನಗರ ಕಟ್ಟಲು ಪ್ರಾಧಿಕಾರ ಇತ್ತು, ಪರಿಹಾರ ಸಾಲದು ಎಂದು ಜಗಳವಾಡಲಾದರೂ ಒಂದು ಕಚೇರಿಯ ಬಾಗಿಲಿತ್ತು. ನ್ಯೂಟಾಕ್‌ನವರಿಗೆ ಬಡಿಯಲು ಬಾಗಿಲೇ ಇರಲಿಲ್ಲ.

ಇಲ್ಲದ ಬಾಗಿಲನ್ನು ಮಾಡಿಕೊಳ್ಳಲು 2006ರಲ್ಲಿ ನ್ಯೂಟಾಕ್ ಯೋಜನಾ ಗುಂಪು ಹುಟ್ಟಿತು. ರಾಜ್ಯದ, ಕೇಂದ್ರದ, ಬುಡಕಟ್ಟಿನ, ಖಾಸಗಿ ಎಲ್ಲ ಸೇರಿ ಸುಮಾರು 25 ಸಂಸ್ಥೆಗಳು. ಯಾರಿಗೂ ಊರು ಸಾಗಿಸುವ ಅಧಿಕಾರವಿರಲಿಲ್ಲ. ಆದರೆ ಒಬ್ಬರ ಹತ್ತಿರ ಬಾರ್ಜ್ ಕಟ್ಟೆಗೆ ಸ್ವಲ್ಪ ದುಡ್ಡಿತ್ತು, ಇನ್ನೊಬ್ಬರ ಹತ್ತಿರ ಮನೆಗೆ, ಮತ್ತೊಬ್ಬರ ಹತ್ತಿರ ರಸ್ತೆಗೆ. ಎಲ್ಲರೂ ಒಂದೇ ಮೇಜಿಗೆ ಬಂದದ್ದರಿಂದ ಕೆಲಸ ಚೂರು ಚೂರಾಗಿ ಶುರುವಾಯಿತು. ಸೇನೆಯವರು ತರಬೇತಿಯ ಹೆಸರಲ್ಲಿ ಬಂದು ರಸ್ತೆ, ಕಟ್ಟಡದ ಕೆಲಸ ಮಾಡಿಕೊಟ್ಟರು. ಕೆಲವೇ ಮನೆಗಳೂ ಎದ್ದವು.

ಆದರೆ ಈ ನಿಯಮಗಳನ್ನು ನೋಡಿ. ಹೊಸ ಜಾಗದಲ್ಲಿ ಶಾಲೆಗೆ ರಾಜ್ಯದ ಹಣ ಬೇಕಾದರೆ ಕನಿಷ್ಠ ಹತ್ತು ಮಕ್ಕಳು ಅಲ್ಲಿರಬೇಕು. ಶಾಲೆ ಇಲ್ಲದ ಜಾಗಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವವರು ಯಾರು? ಅಂಚೆ ಕಚೇರಿಗೆ ಇಷ್ಟು ಕುಟುಂಬ ಬೇಕು, ವಿಮಾನಪಟ್ಟಿಗೆ ಇಷ್ಟು ಜನ ಬೇಕು. ಇನ್ನೊಂದು ಕಡೆ, ಹಳೆಯ ಊರು ಹೇಗೂ ಹೋಗುವುದೇ ಎಂದು ಅಲ್ಲಿನ ನೀರು, ಕಸ, ಇಂಧನದ ಟ್ಯಾಂಕುಗಳ ರಿಪೇರಿಗೆ ಹಣ ಹಾಕಲು ಯಾರೂ ಮುಂದೆ ಬರಲಿಲ್ಲ. ಹೋಗುತ್ತೇವೆ ಎಂದು ಹೇಳಿದ್ದೇ ಇರುವ ಊರಿಗೆ ಮುಳುವಾಯಿತು. ಸ್ಥಳಾಂತರದ ಬಗ್ಗೆ ಯೋಚಿಸುವ ಯಾವ ಊರಾದರೂ ಇದನ್ನು ಮೊದಲೇ ತಿಳಿದಿರಬೇಕು: ಹೊಸ ಊರಿನ ಬಜೆಟ್ ಜೊತೆಗೆ, ಬಿಟ್ಟುಹೋಗುವ ಊರಲ್ಲಿ ಕಳೆಯಬೇಕಾದ ವರ್ಷಗಳ ಬಜೆಟ್ಟೂ ಬೇಕು. ಅದನ್ನು ಕೇಳಿ ಪಡೆಯುವವರು ಕಡಿಮೆ.

ಊರೊಳಗಿನ ಬಿರುಕು

2012ರ ಹೊತ್ತಿಗೆ ಊರಿನ ಒಳಗೇ ಜಗಳ ಎದ್ದಿತು. ಮಂಡಳಿಯ ಸದಸ್ಯರ ಅವಧಿ ಮುಗಿದಿದೆ, ಚುನಾವಣೆ ಸರಿಯಾಗಿ ಆಗಿಲ್ಲ, ಸ್ಥಳಾಂತರದ ದುಡ್ಡಿನ ಲೆಕ್ಕ ಏನಾಯಿತು ಎಂದು ಒಂದು ಬಣ. ಇಷ್ಟು ವರ್ಷ ಓಡಾಡಿ ಇಲ್ಲಿಯವರೆಗೆ ತಂದವರು ನಾವು ಎಂದು ಇನ್ನೊಂದು ಬಣ. ಒಂದೇ ಊರಿಗೆ ಎರಡು ಮಂಡಳಿ. 2013ರಲ್ಲಿ ಕೇಂದ್ರದ ಇಲಾಖೆ ಹೊಸ ಮಂಡಳಿಯನ್ನು ಮಾನ್ಯ ಮಾಡಿತು. ಹಳೆಯವರು ಮೇಲ್ಮನವಿಗೆ ಹೋದರು. ಚೆಕ್ ಯಾರ ಹೆಸರಿಗೆ ಬರೆಯಬೇಕು ಎಂದು ಗೊತ್ತಾಗದೆ ಸಂಸ್ಥೆಗಳು ಕೈಕಟ್ಟಿ ಕೂತವು. ಹೊಸ ಜಾಗದ ಕಟ್ಟಡದ ಕೆಲಸ ಅರ್ಧಕ್ಕೆ ನಿಂತಿತು.

ಹೊರಗಿನವರಿಗೆ ಇದು 'ಊರಿನವರೇ ಸರಿ ಇಲ್ಲ' ಎನ್ನಲು ಒಳ್ಳೆಯ ನೆಪವಾಯಿತು. ನಾನು ಹಾಗೆ ನೋಡುವುದಿಲ್ಲ. ಹತ್ತಾರು ಜನ ಸಂಬಳವಿಲ್ಲದೆ ನಡೆಸುವ ಒಂದು ಚಿಕ್ಕ ಮಂಡಳಿಯ ಮೇಲೆ 25 ಸಂಸ್ಥೆಗಳ ಅರ್ಜಿ, ವರದಿ, ಆಡಿಟ್ ಎಲ್ಲ ಹೇರಿದ್ದರು. ಎರಡು ದಶಕ ಕಾದರೂ ಫಲ ಕಾಣದಿದ್ದರೆ ಯಾವ ಊರಲ್ಲಿ ಜಗಳವಾಗುವುದಿಲ್ಲ? ಆದರೆ ನಷ್ಟವಂತೂ ಆಯಿತು. ಅಲ್ಲಿ ಕಟ್ಟಡದ ಕೆಲಸ ಸಾಗುವುದು ಬೇಸಿಗೆಯ ಕೆಲವೇ ತಿಂಗಳು. ಬಾರ್ಜ್ ಬರುವುದೂ ಆಗಲೇ. ಜೂನ್‌ನಲ್ಲಿ ಒಂದು ಸಹಿ ತಪ್ಪಿದರೆ ಹೋಗುವುದು ಒಂದು ತಿಂಗಳಲ್ಲ, ಇಡೀ ವರ್ಷ. ಹಣ ಇಡುವ ಖಾತೆ ಮತ್ತು ಕೆಲಸ ನಡೆಸುವ ಕೈ ಮಂಡಳಿಯ ಚುನಾವಣೆಯಿಂದ ಸ್ವಲ್ಪ ದೂರ ಇದ್ದಿದ್ದರೆ ಇಷ್ಟು ಬೇಸಿಗೆಗಳು ಹೋಗುತ್ತಿರಲಿಲ್ಲ.

ದುಡ್ಡು ಬಂದ ದಾರಿ

2015ರಲ್ಲಿ ಡೆನಾಲಿ ಕಮಿಷನ್ ಎಂಬ ಚಿಕ್ಕ ಕೇಂದ್ರ ಸಂಸ್ಥೆಗೆ ಇಂಥ ಊರುಗಳ ಕೆಲಸವನ್ನು ಹೊಂದಿಸುವ ಹೊಣೆ ಸಿಕ್ಕಿತು. 2016ರಲ್ಲಿ ಕೇಂದ್ರದ ವಸತಿ ಇಲಾಖೆಯ ಅನುದಾನದ ಸ್ಪರ್ಧೆಯಲ್ಲಿ ನ್ಯೂಟಾಕ್‌ಗೆ ಏನೂ ಸಿಗಲಿಲ್ಲ. ಅದೇ ಸ್ಪರ್ಧೆಯಲ್ಲಿ ಲೂಸಿಯಾನಾದ ಒಂದು ಮುಳುಗುತ್ತಿದ್ದ ದ್ವೀಪಕ್ಕೆ 4.8 ಕೋಟಿ ಡಾಲರ್ ಸಿಕ್ಕಿತು. ಆಮೇಲೆ ಊರಿನವರು ಧೈರ್ಯದ ಒಂದು ಕೆಲಸ ಮಾಡಿದರು. ನಿಧಾನಕ್ಕೆ ಆಗುತ್ತಿರುವ ಕೊರೆತ ಮತ್ತು ಕರಗುವ ನೆಲವನ್ನೇ ವಿಪತ್ತು ಎಂದು ಘೋಷಿಸಿ ಅಂತ ಅಮೆರಿಕದ ಅಧ್ಯಕ್ಷರಿಗೆ ಅರ್ಜಿ ಹಾಕಿದರು. 2017ರ ಜನವರಿಯಲ್ಲಿ ಅರ್ಜಿ ತಿರಸ್ಕಾರವಾಯಿತು.

ತಿರುವು 2018ರ ಮಾರ್ಚ್‌ನಲ್ಲಿ. ಸಂಸತ್ತಿನ ಖರ್ಚಿನ ಮಸೂದೆಯಲ್ಲಿ 1.5 ಕೋಟಿ ಡಾಲರ್ ಬಂತು. ಬೇಕಾದದ್ದರಲ್ಲಿ ಇದು ಸಣ್ಣ ಪಾಲು. ಆದರೆ 'ಮೊದಲು ಜನ ಬರಲಿ' ಎಂಬ ನಿಯಮಗಳ ಗಂಟು ಬಿಚ್ಚಲು ಅಷ್ಟು ಸಾಕಾಯಿತು. ಒಂದೇ ಸಲಕ್ಕೆ ಹಲವು ಮನೆ ಕಟ್ಟಿದರೆ ಮಕ್ಕಳೂ ಇರುತ್ತಾರೆ, ಶಾಲೆಯೂ ಬರುತ್ತದೆ. 2019ರ ಅಕ್ಟೋಬರ್‌ನಲ್ಲಿ ಊರಿನ ಮೂರನೇ ಒಂದು ಭಾಗದಷ್ಟು ಜನ ನದಿ ದಾಟಿ ಮೆರ್ಟಾರ್ವಿಕ್ ಸೇರಿದರು. ನೆರೆ ಬಂದಾಗ ಆಶ್ರಯಕ್ಕೆಂದು ಕಟ್ಟಿದ್ದ ಕಟ್ಟಡದಲ್ಲೇ ಸದ್ಯಕ್ಕೆ ಶಾಲೆ ನಡೆಯಿತು.

ಮುಂದಿನ ಐದು ವರ್ಷ ಒಂದು ಊರು ಎರಡು ದಡದಲ್ಲಿ. ಅಜ್ಜಿ ಈ ಕಡೆ, ಮೊಮ್ಮಕ್ಕಳು ಆ ಕಡೆ. ಎರಡು ಶಾಲೆ, ಎರಡು ಜನರೇಟರ್, ಎರಡಕ್ಕೂ ಡೀಸೆಲ್. ನದಿ ಹೆಪ್ಪುಗಟ್ಟುವ ಮತ್ತು ಒಡೆಯುವ ವಾರಗಳಲ್ಲಿ ನಡುವಿನ ಒಂಬತ್ತು ಮೈಲಿಯನ್ನು ದೋಣಿಯಲ್ಲೂ ದಾಟುವಂತಿಲ್ಲ, ಗಾಡಿಯಲ್ಲೂ ದಾಟುವಂತಿಲ್ಲ. ಕಂತಿನಲ್ಲಿ ಸಾಗಿಸಿದ್ದು ತಪ್ಪು ಅನ್ನುವವರಿದ್ದಾರೆ. ನನ್ನ ಲೆಕ್ಕದಲ್ಲಿ ಮೊದಲ ಕಂತು ಹೋದದ್ದರಿಂದಲೇ ಎರಡನೆಯದು ಸಾಧ್ಯವಾಯಿತು. ತಪ್ಪಾದದ್ದು ಎರಡು ಕಂತುಗಳ ನಡುವಿನ ಅಂತರ. 2022ರ ಸೆಪ್ಟೆಂಬರ್‌ನಲ್ಲಿ ಮೆರ್ಬಾಕ್ ಚಂಡಮಾರುತದ ಉಳಿಕೆ ಬಂದು ಹಳೆಯ ಊರಿನ ದಡವನ್ನು ಇನ್ನಷ್ಟು ತಿಂದಿತು. ಅದೇ ವರ್ಷದ ಕೊನೆಗೆ ಕೇಂದ್ರದಿಂದ 2.5 ಕೋಟಿ ಡಾಲರ್ ಘೋಷಣೆಯಾಯಿತು. 2024ರಲ್ಲಿ ನ್ಯೂಟಾಕ್ ಶಾಲೆ ಮುಚ್ಚಿತು. ಆ ವರ್ಷ ಚಳಿಗಾಲಕ್ಕೆ ಮುಂಚೆ ಉಳಿದವರನ್ನೂ ಸಾಗಿಸಿದರು, ಕೆಲವರನ್ನು ತಾತ್ಕಾಲಿಕ ಮನೆಗಳಿಗೆ.

ಹೊಸ ಊರು

ಮೆರ್ಟಾರ್ವಿಕ್‌ನಲ್ಲಿ ನೆರೆಯ ಭಯವಿಲ್ಲ. ಕಾಲ ಕೆಳಗೆ ಬಂಡೆ ಇದೆ. ಅಷ್ಟರ ಮಟ್ಟಿಗೆ 1994ರ ನಿರ್ಧಾರ ಗೆದ್ದಿದೆ. ಆದರೆ 2025ರಲ್ಲಿ ಅಲ್ಲಿಗೆ ಹೋದ ಪತ್ರಕರ್ತರು ಕಂಡದ್ದು ಬೇರೆ ಚಿತ್ರ. ಕಟ್ಟಿ ಕೆಲವೇ ವರ್ಷವಾದ ಮನೆಗಳಲ್ಲಿ ಅಡಿಪಾಯ ಕದಲಿದೆ, ವೈರಿಂಗ್ ಸರಿಯಿಲ್ಲ, ಬಹಳಷ್ಟು ಮನೆಗೆ ಇನ್ನೂ ಕೊಳಾಯಿ ನೀರಿಲ್ಲ. ಹನಿ ಬಕೆಟ್ ಹೊಸ ಊರಿಗೂ ಬಂದಿದೆ.

ಹೀಗಾಗಬೇಕಿರಲಿಲ್ಲ. ಚಳಿಪ್ರದೇಶದ ಮನೆಗಳ ಬಗ್ಗೆ ಸಂಶೋಧನೆ ಮಾಡುವ, ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನ ಸಂಸ್ಥೆಯೊಂದು ಮೆರ್ಟಾರ್ವಿಕ್‌ನಲ್ಲೇ ಮಾದರಿ ಮನೆ ಕಟ್ಟಿ ತೋರಿಸಿತ್ತು. ಹೇಗೆ ಕಟ್ಟಬೇಕೆಂದು ಗೊತ್ತಿತ್ತು. ಆದರೆ ಮೂವತ್ತು ವರ್ಷದ ಕೊನೆಯಲ್ಲಿ ಎಲ್ಲರ ಕಣ್ಣು ಇದ್ದದ್ದು 'ಎಷ್ಟು ಜನ ದಾಟಿದರು' ಎಂಬ ಒಂದೇ ಅಂಕಿಯ ಮೇಲೆ. ನದಿ ಬಾಗಿಲಿಗೆ ಬಂದಾಗ ಗೋಡೆಯ ಗುಣಮಟ್ಟ ಕೇಳುವ ಧೈರ್ಯ ಯಾರಿಗಿರುತ್ತದೆ? ಇಪ್ಪತ್ತೈದು ವರ್ಷ ಸುಮ್ನೆ ಕಾದು ಕೊನೆಯ ಐದು ವರ್ಷದಲ್ಲಿ ಓಡಿದ್ದರ ಬೆಲೆ ಈ ಮನೆಗಳು. ಕಟ್ಟಿದ್ದನ್ನು ಯಾರು ಪರೀಕ್ಷಿಸಬೇಕು, ಕೆಟ್ಟರೆ ಯಾರು ಸರಿ ಮಾಡಿಸಬೇಕು ಎಂಬುದಕ್ಕೂ, ಮೊದಲಿನ ಹಾಗೆಯೇ, ಒಬ್ಬ ಹೊಣೆಗಾರನಿಲ್ಲ.

2025ರ ಅಕ್ಟೋಬರ್‌ನಲ್ಲಿ ಹಾಲಾಂಗ್ ಚಂಡಮಾರುತದ ಉಳಿಕೆ ಅದೇ ಕರಾವಳಿಗೆ ಅಪ್ಪಳಿಸಿತು. ಕಿಪ್ನುಕ್, ಕ್ವಿಗಿಲ್ಲಿಂಗೋಕ್ ಎಂಬ ಎರಡು ಯೂಪಿಕ್ ಊರುಗಳಲ್ಲಿ ಮನೆಗಳೇ ತೇಲಿಹೋದವು. ನೂರಾರು ಜನರನ್ನು ವಿಮಾನದಲ್ಲಿ ಆಂಕರೇಜ್ ನಗರಕ್ಕೆ ಸಾಗಿಸಿದರು. ಇದಕ್ಕೆ ತಾರೀಕು ಇತ್ತು. ಕೆಲವೇ ದಿನಗಳಲ್ಲಿ ಅಧ್ಯಕ್ಷರ ವಿಪತ್ತು ಘೋಷಣೆಯೂ ಬಂತು. ಅದೇ ವರ್ಷದ ಬೇಸಿಗೆಗೆ ಮುಂಚೆ, ಕಿಪ್ನುಕ್‌ನ ದಡ ಕೊರೆತ ತಡೆಯಲೆಂದು ಮಂಜೂರಾಗಿದ್ದ ಸುಮಾರು 2 ಕೋಟಿ ಡಾಲರ್ ಅನುದಾನವನ್ನು ಕೇಂದ್ರ ಸರ್ಕಾರ ರದ್ದು ಮಾಡಿತ್ತು. ಹಳೆಯ ಜಾಗದಲ್ಲೇ ಮತ್ತೆ ಕಟ್ಟುವುದೋ, ಎತ್ತರದ ಜಾಗ ಹುಡುಕುವುದೋ ಎಂಬ ಪ್ರಶ್ನೆ ಆಗ ಆ ಎರಡು ಊರುಗಳ ಮುಂದೆ ಬಂತು.